ಹರಿಕೇನ್ ಮಾದರಿ: ಬೆಳ್ಳಿ ಚುಕ್ಕಿ ಎಲ್ಲಿ ಇಡಬೇಕು, ಎಲ್ಲಿ ಇಡಬಾರದು

ಪ್ರಶ್ನೆ: 1:48 ಅಳತೆಯ ಹಾಕರ್ ಹರಿಕೇನ್ ಮಾರ್ಕ್ 1 ಯುದ್ಧವಿಮಾನದ ಮಾದರಿ ಮುಗಿಸಿದ್ದೇನೆ. ಆಗಸ್ಟ್ 1940ರ ಬ್ರಿಟನ್ ಕಾಳಗದ ಬಣ್ಣ. ತಗಡು ಸೇರುವ ಗೆರೆಗಳಿಗೆಲ್ಲ ಕಪ್ಪು ವಾಶ್ (ತೀರಾ ತೆಳುವಾಗಿಸಿದ ಬಣ್ಣ) ಕೊಟ್ಟೆ, ಅಂಚುಗಳಿಗೆಲ್ಲ ಬೆಳ್ಳಿ ಚುಕ್ಕಿ ಇಟ್ಟೆ, ಎಕ್ಸಾಸ್ಟ್ (ಎಂಜಿನ್‌ನ ಹೊಗೆ ಕೊಳವೆ) ಹಿಂದೆ ಕಪ್ಪು ಹೊಗೆ ಹೊಡೆದೆ. ಆದರೂ ಯುದ್ಧದಲ್ಲಿ ಹಾರಿದ ವಿಮಾನದ ಹಾಗೆ ಕಾಣುತ್ತಿಲ್ಲ, ಕೊಳೆ ಹಿಡಿದ ಆಟಿಕೆಯ ಹಾಗಿದೆ. ಡೆಕಾಲ್‌ಗಳ (ನೀರಿನಲ್ಲಿ ನೆನೆಸಿ ಅಂಟಿಸುವ ಗುರುತುಗಳು) ಕೆಳಗೆ ಬೆಳ್ಳಗೆ ಹೊಳೆಯುತ್ತದೆ. ಮ್ಯಾಟ್ ವಾರ್ನಿಷ್ ಹೊಡೆದ ಮೇಲೆ ಒಂದು ರೆಕ್ಕೆ ಮಂಜು ಕವಿದಂತಾಗಿದೆ. ತಪ್ಪಿದ್ದು ಎಲ್ಲಿ? ಇದನ್ನು ಉಳಿಸಿಕೊಳ್ಳಬಹುದೇ?

ಉತ್ತರ: ಉಳಿಸಿಕೊಳ್ಳಬಹುದು. ಹೇಗೆಂದು ಕೊನೆಗೆ ಹೇಳುತ್ತೇವೆ. ಅದಕ್ಕೂ ಮೊದಲು ಆ ‘ಅಂಚುಗಳಿಗೆಲ್ಲ ಬೆಳ್ಳಿ ಚುಕ್ಕಿ’ಯ ವಿಚಾರ, ಏಕೆಂದರೆ ಅರ್ಧ ತಪ್ಪು ಅಲ್ಲೇ ಇದೆ.

ಹರಿಕೇನ್‌ನ ಒಡಲಿನ ಹಿಂಭಾಗಕ್ಕೆ ಲೋಹದ ಹೊದಿಕೆ ಇರಲೇ ಇಲ್ಲ. ಒಳಗೆ ಲೋಹದ ಕೊಳವೆಗಳ ಚೌಕಟ್ಟು, ಅದರ ಸುತ್ತ ಆಕಾರ ಕೊಡುವ ಮರದ ಪಟ್ಟಿಗಳು, ಅವುಗಳ ಮೇಲೆ ಬಿಗಿಯಾಗಿ ಎಳೆದು ಡೋಪ್ (ಬಟ್ಟೆಯನ್ನು ಬಿಗಿಗೊಳಿಸುವ ಲೇಪ) ಬಳಿದ ಲಿನನ್ ಬಟ್ಟೆ. ಕಿಟ್ಟಿನಲ್ಲಿ ಕಾಕ್‌ಪಿಟ್‌ನ ಹಿಂದೆ ಉದ್ದಕ್ಕೆ ಓಡುವ ಏಣುಗಳು ಕಾಣುತ್ತವಲ್ಲ, ಅವು ಆ ಪಟ್ಟಿಗಳೇ. ಬಾಲದ ನಿಂತ ರೆಕ್ಕೆ, ಅಡ್ಡ ರೆಕ್ಕೆ, ವಿಮಾನವನ್ನು ತಿರುಗಿಸಲು ಅಲುಗಾಡುವ ಭಾಗಗಳಾದ ರಡ್ಡರ್, ಎಲಿವೇಟರ್, ಏಲೆರಾನ್ ಎಲ್ಲವೂ ಬಟ್ಟೆಯ ಹೊದಿಕೆಯವೇ. ಬಟ್ಟೆ ಸವೆದರೆ ಬೆಳ್ಳಿ ಹೇಗೆ ಕಾಣುತ್ತದೆ? ಬಟ್ಟೆಗೆ ಮೊದಲು ಬಳಿಯುತ್ತಿದ್ದ ಡೋಪ್ ಇಟ್ಟಿಗೆಗೆಂಪು. ತೀರಾ ಸವೆದ ಕಡೆ ಇಣುಕಬೇಕಾದದ್ದು ಆ ಕೆಂಪು, ಅದೂ ಒಂದೆರಡು ಕಡೆ ಮಾತ್ರ. ಗುಂಡು ತೂರಿದ ತೂತಿಗೆ ಬಟ್ಟೆಯ ತುಂಡು ಅಂಟಿಸಿ ಡೋಪ್ ಬಳಿಯುತ್ತಿದ್ದರು. ಹಾಗಾಗಿ ಹಿಂಭಾಗದಲ್ಲಿ ‘ಯುದ್ಧ ಕಂಡ’ ಗುರುತು ಬೇಕಿದ್ದರೆ 1.5ರಿಂದ 2 ಮಿ.ಮೀ. ಚೌಕದ ಒಂದೆರಡು ತೇಪೆ ಹಾಕಿ. ಡೆಕಾಲ್ ಹಾಳೆಯ ಖಾಲಿ ಅಂಚನ್ನು ಚೌಕವಾಗಿ ಕತ್ತರಿಸಿ ಅಂಟಿಸಿ, ಸುತ್ತಲಿನ ಹಸಿರಿಗಿಂತ ಒಂದು ಛಾಯೆ ಹೊಸದಾಗಿ ಕಾಣುವ ಹಸಿರನ್ನು ಬಳಿದರಾಯಿತು. ನೂರು ಬೆಳ್ಳಿ ಚುಕ್ಕಿಗಳಿಗಿಂತ ಈ ಒಂದು ತೇಪೆ ಹೆಚ್ಚು ಹೇಳುತ್ತದೆ.

ರೆಕ್ಕೆಯ ವಿಷಯ ಸ್ವಲ್ಪ ಬೇರೆ. ಮೊದಮೊದಲ ಹರಿಕೇನ್‌ಗಳ ರೆಕ್ಕೆಗೂ ಬಟ್ಟೆಯೇ ಇತ್ತು, 1939ರಿಂದ ಲೋಹದ ಹೊದಿಕೆಯ ರೆಕ್ಕೆ ಬಂತು. 1940ರ ಬೇಸಿಗೆಯ ಹೊತ್ತಿಗೆ ಹೆಚ್ಚಿನವು ಲೋಹದವು. ನಿಮ್ಮ ಕಿಟ್ಟಿನ ರೆಕ್ಕೆಯ ಮೇಲೆ ಪಕ್ಕೆಲುಬಿನಂಥ ಸಾಲುಗಳಿದ್ದರೆ ಅದು ಬಟ್ಟೆಯ ರೆಕ್ಕೆ, ಚೌಕ ಚೌಕ ಗೆರೆಗಳಿದ್ದರೆ ಲೋಹದ್ದು. ಅಂದರೆ ಬೆಳ್ಳಿಗೆ ಜಾಗವಿರುವುದು ಮುಖ್ಯವಾಗಿ ಲೋಹದ ರೆಕ್ಕೆಯಲ್ಲಿ ಮತ್ತು ಎಂಜಿನ್ ಮುಚ್ಚುವ ತಗಡುಗಳಲ್ಲಿ.

ಅಲ್ಲೂ ಎಲ್ಲೆಂದರಲ್ಲಿ ಅಲ್ಲ. ಯಾರ ಕಾಲು, ಯಾರ ಕೈ, ಯಾವ ಉಪಕರಣ ಎಲ್ಲಿ ಬೀಳುತ್ತಿತ್ತು ಎಂದು ನೋಡಿ. ಹರಿಕೇನ್ ಹತ್ತಲು ಪೈಲಟ್ ಬಳಸುತ್ತಿದ್ದ ಮೆಟ್ಟಿಲು ಒಡಲಿನ ಎಡಗಡೆ ಕೆಳಗೆ ಇತ್ತು. ಅದನ್ನು ಮೆಟ್ಟಿ, ಎಡ ರೆಕ್ಕೆಯ ಬುಡದ ಮೇಲೆ ಕಾಲಿಟ್ಟು ಒಳಗಿಳಿಯುತ್ತಿದ್ದ. ಹಾಗಾಗಿ ಎಡ ರೆಕ್ಕೆಯ ಬುಡ ಬಲದ್ದಕ್ಕಿಂತ ಹೆಚ್ಚು ಸವೆದಿರಬೇಕು. ಪ್ರತಿ ರೆಕ್ಕೆಯಲ್ಲಿ ನಾಲ್ಕರಂತೆ ಎಂಟು .303 ಬ್ರೌನಿಂಗ್ ಗನ್‌ಗಳಿದ್ದವು. ಅವುಗಳಿಗೆ ಗುಂಡು ತುಂಬಲು ಮೇಲಿನ ಮುಚ್ಚಳಗಳನ್ನು ದಿನಕ್ಕೆ ಹಲವು ಸಲ ತೆಗೆದು ಹಾಕುತ್ತಿದ್ದರು, ಆದ್ದರಿಂದ ಆ ಮುಚ್ಚಳಗಳ ಅಂಚು ಮತ್ತು ತಿರುಪುಗಳು ಸವೆದಿರುತ್ತವೆ. ಎಂಜಿನ್ ತಗಡುಗಳ ಕಥೆಯೂ ಅದೇ. ರೆಕ್ಕೆಯ ತುದಿ, ಅದರ ಹಿಂಭಾಗ, ಒಡಲಿನ ಬೆನ್ನು ಇಲ್ಲಿಗೆಲ್ಲ ಯಾರೂ ಕೈ ಹಾಕುವುದಿಲ್ಲ. ಅಲ್ಲಿ ಬಣ್ಣ ಸುಮ್ಮನೆ ಇರಲಿ.

ಇನ್ನು ಚುಕ್ಕಿಯ ಗಾತ್ರ. 1:48ರಲ್ಲಿ ನೀವಿಟ್ಟ 1 ಮಿ.ಮೀ. ಚುಕ್ಕಿ ನಿಜ ವಿಮಾನದಲ್ಲಿ 48 ಮಿ.ಮೀ., ಅಂದರೆ ಅಂಗೈ ಮಧ್ಯವನ್ನು ತುಂಬುವಷ್ಟು ಬಣ್ಣ ಕಿತ್ತುಹೋಗಿದೆ ಎಂದಾಯಿತು. 0.2 ಮಿ.ಮೀ. ಚುಕ್ಕಿ ಎಂದರೂ ಸುಮಾರು 1 ಸೆಂ.ಮೀ. ಗೀರು. ಇದಕ್ಕೆ ಬ್ರಷ್ ಬೇಡ. ಪ್ಯಾಕಿಂಗ್ ಸ್ಪಂಜಿನ ತುಂಡನ್ನು ಕತ್ತರಿಸದೆ ಹರಿದು ಚಿಮಟದಲ್ಲಿ ಹಿಡಿಯಿರಿ. ಕತ್ತರಿಸಿದ ಅಂಚು ನೇರ ಗೆರೆ ಬಿಡುತ್ತದೆ, ಹರಿದ ಅಂಚು ಬಿಡುವುದಿಲ್ಲ. ಬಣ್ಣದಲ್ಲಿ ಅದ್ದಿ, ಕಾಗದದ ಮೇಲೆ ಹತ್ತು ಹದಿನೈದು ಸಲ ಒತ್ತಿ, ಗುರುತು ಬೀಳುವುದು ಇನ್ನೇನು ನಿಂತಿತು ಎನ್ನುವಾಗ ಮಾದರಿಗೆ ತಾಕಿಸಿ. ಮೊದಲ ಸುತ್ತಿಗೆ ಬೆಳ್ಳಿ ಬೇಡ. ಅದೇ ಹಸಿರು ಅಥವಾ ಕಂದಿಗೆ ಸ್ವಲ್ಪ ಬಫ್ (ತೆಳು ಮಣ್ಣುಹಳದಿ) ಸೇರಿಸಿದ ತೆಳು ಛಾಯೆ ಸಾಕು, ಇದು ಮೇಲ್ಪದರ ಮಾತ್ರ ಗೀರಿದ ಗುರುತು. ಬಣ್ಣ ಪೂರ್ತಿ ಹೋದ ಜಾಗಕ್ಕೆ, ಆ ಗುರುತುಗಳ ನಡುವೆ, ಅಲ್ಯೂಮಿನಿಯಂ ಬಣ್ಣಕ್ಕೆ ನಾಲ್ಕನೇ ಒಂದು ಪಾಲು ಮಧ್ಯಮ ಬೂದು ಬೆರೆಸಿ ಇಡಿ. ಗಾಳಿಗೆ ಬಿಟ್ಟ ಅಲ್ಯೂಮಿನಿಯಂ ಕನ್ನಡಿಯಂತೆ ಹೊಳೆಯುವುದಿಲ್ಲ, ಮಂಕಾಗಿರುತ್ತದೆ. ತಿರುಪಿನ ತಲೆಗಳಿಗೆ ಚೂಪಾಗಿ ಹೆರೆದ ಬೆಳ್ಳಿ ಬಣ್ಣದ ಪೆನ್ಸಿಲ್ ಎಲ್ಲಕ್ಕಿಂತ ಒಳ್ಳೆಯದು, ಆದರೆ ಐದರಲ್ಲಿ ಎರಡು ತಿರುಪಿಗೆ ಮಾತ್ರ ತಾಕಿಸಿ.

ಹಾಳೆ ಹಾಳೆಯಾಗಿ ಬಣ್ಣ ಕಿತ್ತುಹೋದ ವಿಮಾನಗಳ ಫೋಟೋ ನೋಡಿದ್ದೇವಲ್ಲ ಎನ್ನಬಹುದು. ಅವು ಹೆಚ್ಚಾಗಿ ಜಪಾನಿ ಭೂಸೇನೆಯ ವಿಮಾನಗಳು. ಕಿ-61ರಂಥವಕ್ಕೆ ಎಷ್ಟೋ ಕಡೆ ಪ್ರೈಮರ್ ಇಲ್ಲದೆ ಬರಿ ಲೋಹದ ಮೇಲೇ ಹಸಿರು ಹೊಡೆದಿದ್ದರು. ಪೆಸಿಫಿಕ್‌ನ ಬಿಸಿಲು ಮಳೆಗೆ ಅದು ಸಿಪ್ಪೆಯಂತೆ ಎದ್ದಿತು. ಅಂಥದ್ದಕ್ಕೆ ಹೇರ್‌ಸ್ಪ್ರೇ ವಿಧಾನ ಸರಿ: ಕೆಳಗೆ ಲ್ಯಾಕರ್ ಅಲ್ಯೂಮಿನಿಯಂ, ಮೇಲೆ ಎರಡು ತೆಳು ಸುತ್ತು ಹೇರ್‌ಸ್ಪ್ರೇ, ಅದರ ಮೇಲೆ ಅಕ್ರಿಲಿಕ್ ಹಸಿರು, ಒಂದೆರಡು ಗಂಟೆಯೊಳಗೆ ನೀರು ಸವರಿ ಗಡಸು ಬ್ರಷ್‌ನಿಂದ ಕೆದಕುವುದು. ಆ ಫೋಟೋ ನೋಡಿ ಹರಿಕೇನ್‌ಗೂ ಹಾಗೇ ಮಾಡಿದರೆ ಕೆಲಸ ಎಷ್ಟೇ ನಾಜೂಕಾಗಿದ್ದರೂ ಸುಳ್ಳು ಕಾಣುತ್ತದೆ. ನಿಮ್ಮ ವಿಮಾನಕ್ಕೆ ವಯಸ್ಸೂ ಆಗಿರಲಿಲ್ಲ. ತಳಕ್ಕೆ ‘ಸ್ಕೈ’ ಎಂಬ ತೆಳು ಹಸಿರು ಛಾಯೆಯ ಬಣ್ಣ ಬಂದದ್ದೇ ಜೂನ್ 1940ರಲ್ಲಿ. ಅದಕ್ಕೆ ಮುಂಚೆ ತಳದ ಎಡ ಅರ್ಧ ಕಪ್ಪು, ಬಲ ಅರ್ಧ ಬಿಳಿ ಇರುತ್ತಿತ್ತು. ಅಂದಮೇಲೆ ಆಗಸ್ಟ್‌ನಲ್ಲಿ ಆ ಸ್ಕೈ ಬಣ್ಣಕ್ಕೆ ಮೂರು ತಿಂಗಳೂ ತುಂಬಿರಲಿಲ್ಲ. ಅದರ ಮೇಲೆ ಜಿಡ್ಡು, ಮಸಿ, ಹುಲ್ಲುಗಾವಲಿನ ರನ್‌ವೇಯ ಕೆಸರು ಇರಬಹುದು, ವರ್ಷಗಟ್ಟಲೆ ಬಿಸಿಲಿಗೆ ಬಿಳಚಿದ ಕಳೆ ಇರಬಾರದು. ಅದೇ ಹರಿಕೇನ್ 1942ರ ಉತ್ತರ ಆಫ್ರಿಕಾದ ಮರಳಿನಲ್ಲಿ ನಿಂತದ್ದಾದರೆ ಲೆಕ್ಕವೇ ಬೇರೆ. ಅಲ್ಲಿ ರೆಕ್ಕೆಯ ಮುಂಗಡೆಯನ್ನೂ ಪ್ರೊಪೆಲ್ಲರ್ ಅನ್ನೂ ಮರಳು ಉಜ್ಜಿ ತೆಗೆದಿರುತ್ತದೆ.

ಈಗ ಕಪ್ಪು ಗೆರೆಗಳು. ನಿಜ ವಿಮಾನದಲ್ಲಿ ಎರಡು ತಗಡು ಸೇರುವ ಸಂದು ಒಂದೆರಡು ಮಿಲಿಮೀಟರ್. ಅದನ್ನು 48ರಿಂದ ಭಾಗಿಸಿದರೆ 0.02ರಿಂದ 0.04 ಮಿ.ಮೀ., ತಲೆಗೂದಲಿಗಿಂತ ತೆಳು. ಕಿಟ್ಟಿನಲ್ಲಿ ಕೊರೆದ ಗೆರೆ 0.15 ಮಿ.ಮೀ. ಇದ್ದರೂ ನಿಜದಲ್ಲಿ 7 ಮಿ.ಮೀ. ಬಿರುಕಾಯಿತು. ಮೊದಲೇ ಅಗಲವಾದ ಗೆರೆಗೆ ಕಪ್ಪು ತುಂಬಿದರೆ ವಿಮಾನ ಹೆಂಚು ಜೋಡಿಸಿದ ನೆಲದಂತೆ ಕಾಣುತ್ತದೆ. ‘ಆಟಿಕೆ’ ಎಂದು ನಿಮಗೆ ಅನ್ನಿಸಿದ್ದು ಬಹುಪಾಲು ಇದರಿಂದಲೇ.

ಕಪ್ಪನ್ನು ಬಿಟ್ಟುಬಿಡಿ. ಹಸಿರು-ಕಂದಿನ ಮೇಲ್ಭಾಗಕ್ಕೆ ಎಣ್ಣೆಬಣ್ಣದ ಬರ್ನ್ಟ್ ಅಂಬರ್ ಎರಡು ಪಾಲು, ಕಪ್ಪು ಒಂದು ಪಾಲು. ಸ್ಕೈ ತಳಕ್ಕೆ ಅಂಬರ್‌ಗೆ ಬಿಳಿ ಸೇರಿಸಿ ಮಾಡಿದ ಮಣ್ಣುಬೂದು. ಟ್ಯೂಬಿನಿಂದ ತೆಗೆದ ಬಣ್ಣವನ್ನು ಅರ್ಧ ಗಂಟೆ ರಟ್ಟಿನ ಮೇಲೆ ಬಿಟ್ಟರೆ ಅಗಸೆಎಣ್ಣೆಯನ್ನು ರಟ್ಟು ಹೀರುತ್ತದೆ, ವಾಶ್ ಬೇಗ ಒಣಗುತ್ತದೆ, ಹೊಳೆಯುವುದಿಲ್ಲ. ಆಮೇಲೆ ಒಂದು ಪಾಲು ಬಣ್ಣಕ್ಕೆ ಹತ್ತು ಪಾಲು ವಾಸನೆಯಿಲ್ಲದ ವೈಟ್ ಸ್ಪಿರಿಟ್. ಸೊನ್ನೆ ನಂಬರ್ ಬ್ರಷ್‌ನ ತುದಿಯನ್ನು ಗೆರೆಗಳು ಕೂಡುವ ಮೂಲೆಗೆ ತಾಕಿಸಿ ಬಿಡಿ, ಬಣ್ಣ ತಾನಾಗಿ ಗೆರೆಯೊಳಗೆ ಓಡುತ್ತದೆ. ಓಡದೆ ಸುತ್ತಲೂ ಹರಡಿದರೆ ಕೆಳಗಿನ ಗ್ಲಾಸ್ (ಹೊಳಪು ವಾರ್ನಿಷ್) ಪದರ ಸಾಲದು ಎಂದರ್ಥ. 20–30 ನಿಮಿಷ ಬಿಟ್ಟು, ಸ್ಪಿರಿಟ್ ತಾಕಿಸಿ ಹಿಂಡಿದ ಇಯರ್‌ಬಡ್‌ನಿಂದ ಗಾಳಿ ಹರಿಯುವ ದಿಕ್ಕಿಗೆ, ರೆಕ್ಕೆಯ ಮುಂಗಡೆಯಿಂದ ಹಿಂದಕ್ಕೆ, ಒರಸಿ. ಅಲುಗಾಡುವ ಭಾಗಗಳ ಸಂದು, ಅಂದರೆ ಏಲೆರಾನ್, ಫ್ಲ್ಯಾಪ್, ರಡ್ಡರ್ ಸುತ್ತ, ಮತ್ತು ಮೊದಲು ಹೇಳಿದ ಗನ್ ಮುಚ್ಚಳ, ಎಂಜಿನ್ ತಗಡಿನ ಸುತ್ತ ಗೆರೆ ಗಾಢವಾಗಿರಲಿ. ಉಳಿದವು ಕಂಡೂ ಕಾಣದಂತಿರಲಿ. ಬಟ್ಟೆಯ ಏಣುಗಳ ನಡುವೆ ವಾಶ್ ತುಂಬಲೇಬೇಡಿ. ಅಲ್ಲಿ ಸಂದಿಲ್ಲ, ಇರುವುದು ಬರಿ ಉಬ್ಬುತಗ್ಗು. ಏಣುಗಳ ಮೇಲೆ ತೆಳು ಛಾಯೆಯನ್ನು ಮೇಲಿನಿಂದ ಮಂಜಿನಂತೆ ಸಿಂಪಡಿಸಿದರೆ ಸಾಕು. ಕಿಟ್ಟಿನ ಏಣುಗಳು ಹಸಿದ ದನದ ಪಕ್ಕೆಯಂತೆ ಎದ್ದಿದ್ದರೆ ಬಣ್ಣಕ್ಕೆ ಮುಂಚೆ 1000 ನಂಬರ್ ಸ್ಯಾಂಡಿಂಗ್ ಸ್ಪಂಜಿನಿಂದ ನಯವಾಗಿ ತಗ್ಗಿಸಿ, ನಿಜವಾದ ಬಟ್ಟೆ ಡೋಲಿನ ಚರ್ಮದಂತೆ ಬಿಗಿಯಾಗಿರುತ್ತಿತ್ತು.

ವೈಟ್ ಸ್ಪಿರಿಟ್ ಬಗ್ಗೆ ಒಂದು ಎಚ್ಚರಿಕೆ. ಚಕ್ರದ ಗೂಡಿನಲ್ಲಿ, ಲ್ಯಾಂಡಿಂಗ್ ಗೇರ್ ಬುಡದಲ್ಲಿ ಅದು ನಿಂತರೆ, ಒತ್ತಡದಲ್ಲಿರುವ ಬರಿ ಪ್ಲಾಸ್ಟಿಕ್ ಸೀಳುತ್ತದೆ. ಕಾಲು ಮುರಿದ ಮೇಲೆ ಅಂಟಿನ ಮೇಲೆ ತಪ್ಪು ಹೊರಿಸುವವರೇ ಹೆಚ್ಚು. ಹೆಚ್ಚಾದದ್ದನ್ನು ಟಿಶ್ಯೂ ಮೂಲೆಯಿಂದ ತಕ್ಷಣ ಹೀರಿಸಿ.

ಎಕ್ಸಾಸ್ಟ್ ಕಲೆ ಬರಿ ಕಪ್ಪಲ್ಲ. ಆಗಿನ ವಿಮಾನ ಪೆಟ್ರೋಲಿನಲ್ಲಿ ಸೀಸದ ಸಂಯುಕ್ತ ಇರುತ್ತಿತ್ತು, ಅದು ಸುಟ್ಟು ಬಿಡುವ ಪುಡಿ ತೆಳು ಬೂದು-ಕಂದು. ಗಾಳಿಗೆ ಹೋಲಿಸಿದರೆ ಇಂಧನ ಹೆಚ್ಚಾಗಿ ಉರಿದಾಗ ಮಸಿ, ಕಡಿಮೆಯಿದ್ದು ಉರಿದಾಗ ಈ ತೆಳು ಬಣ್ಣ. ದೂರ ಹಾರಿ ಬಂದ ವಿಮಾನದಲ್ಲಿ ಮಸಿಯ ಹರವಿನ ಮಧ್ಯೆ ಬೂದಿಯಂಥ ನಾಲಿಗೆ ಕಾಣುತ್ತದೆ. ಮೊದಲ ಬಣ್ಣಕ್ಕೆ ಟಾಮಿಯಾ ಕಂಪನಿಯ ಎಕ್ಸ್‌ಎಫ್-64 ಕೆಂಗಂದು ಮತ್ತು ಎಕ್ಸ್‌ಎಫ್-1 ಕಪ್ಪು ಸಮಪಾಲು, ಹತ್ತರಲ್ಲಿ ಒಂಬತ್ತು ಪಾಲು ಥಿನ್ನರ್, ಒತ್ತಡ 10 ಪಿಎಸ್‌ಐ ಆಸುಪಾಸು, ಏರ್‌ಬ್ರಷ್ ಮೂತಿ ಎರಡು ಸೆಂ.ಮೀ. ದೂರ. ಪೈಪಿನ ಬಾಯಿಂದ ಶುರುಮಾಡಿ ಹಿಂದಕ್ಕೆ ಎಳೆಯಿರಿ, ರೆಕ್ಕೆಯ ಬುಡದ ಮೇಲೆ ಗಾಳಿ ಬಾಗುವ ಕಡೆ ಕಲೆಯೂ ಸ್ವಲ್ಪ ಕೆಳಗೆ ಬಾಗಲಿ. ಮೊದಲ ಎಳೆತದಲ್ಲೇ ಬಣ್ಣ ಕಂಡರೆ ಅದು ದಪ್ಪವಾಗಿದೆ ಎಂದು ತಿಳಿಯಿರಿ. ಎಂಟು ಹತ್ತು ಎಳೆತಕ್ಕೆ ಮೂಡಬೇಕು. ಕೊನೆಗೆ ಎಕ್ಸ್‌ಎಫ್-57 ಬಫ್‌ಗೆ ತುಸು ಬೂದು ಸೇರಿಸಿ, ಅದೇ ತೆಳುವಿನಲ್ಲಿ, ಮಧ್ಯದಲ್ಲಿ ಮಾತ್ರ ಎರಡು ಎಳೆತ.

ಗನ್‌ಗಳ ವಿಷಯದಲ್ಲಿ ಒಂದು ತರ್ಕ ಹಲವರಿಗೆ ತಪ್ಪುತ್ತದೆ. ಹಾರುವ ಮುಂಚೆ ಗನ್‌ಬಾಯಿಗಳಿಗೆ ಕೆಂಪು ಡೋಪ್ ಬಳಿದ ಬಟ್ಟೆಯ ತುಂಡು ಅಂಟಿಸುತ್ತಿದ್ದರು, ಗುಂಡು ಹಾರಿದಾಗ ಅದು ಹರಿಯುತ್ತಿತ್ತು. ಕೆಂಪು ತುಂಡು ಅಖಂಡವಾಗಿದ್ದು ಅದರ ಹಿಂದೆ ಹೊಸ ಮಸಿ ಇದ್ದರೆ ಎರಡರಲ್ಲೊಂದು ಸುಳ್ಳು. ತುಂಡು ಇರಲಿ ಎಂದಾದರೆ ರೆಕ್ಕೆ ಒರಸಿದಂತಿರಲಿ, ಮಸಿ ಬೇಕಾದರೆ ತುಂಡು ಹರಿದಿರಲಿ. ರೆಕ್ಕೆಯ ಕೆಳಗೆ, ಖಾಲಿ ತೋಟೆಗಳು ಉದುರುವ ಕಂಡಿಗಳ ಹಿಂದೆ ಸಣ್ಣ ಮಸಿ ಗೀಟು ಇರಬಹುದು. ತಳದ ನಡುವೆ, ಎಂಜಿನ್‌ನಿಂದ ರೇಡಿಯೇಟರ್ ದಾಟಿ ಹಿಂದಕ್ಕೆ, ಎಣ್ಣೆಯ ಜಿಡ್ಡು. ಅಂಬರ್ ಎಣ್ಣೆಬಣ್ಣದ ಸೂಜಿಮೊನೆಯಷ್ಟು ಚುಕ್ಕಿ ಇಟ್ಟು, ಸ್ಪಿರಿಟ್ ತಾಕಿದ ಚಪ್ಪಟೆ ಬ್ರಷ್‌ನಿಂದ ಹಿಂದಕ್ಕೆ ಎಳೆದರೆ ಅದು ಬರುತ್ತದೆ. ಮಾದರಿ ನಿಂತಾಗ ತಳ ಯಾರಿಗೂ ಕಾಣುವುದಿಲ್ಲ, ನಿಜ. ಕೈ ಪಳಗಲು ಅದಕ್ಕಿಂತ ಒಳ್ಳೆಯ ಜಾಗವೂ ಇಲ್ಲ.

ಬಣ್ಣದ ಅಂಚನ್ನೂ ಒಮ್ಮೆ ಅಳೆದು ನೋಡಿ. ಹಸಿರು-ಕಂದು ಸೇರುವಲ್ಲಿ ನಿಜ ವಿಮಾನದಲ್ಲಿ 1 ಇಂಚು ಮಸುಕಿದ್ದರೆ ಮಾದರಿಯಲ್ಲಿ ಅದು ಅರ್ಧ ಮಿ.ಮೀ. ಏರ್‌ಬ್ರಷ್ ಕೈಬೀಸಿನಲ್ಲಿ 5 ಮಿ.ಮೀ. ಮಸುಕು ಬಂದಿದ್ದರೆ ಅದು 24 ಸೆಂ.ಮೀ. ಹರಡಿದಂತೆ. ಬಣ್ಣ ಮಾಸಿದ್ದು ತೋರಿಸುವಾಗ ಹಸಿರಿಗೆ ಬಿಳಿ ಬೆರೆಸಬೇಡಿ, ಸುಣ್ಣ ಬಳಿದಂತಾಗುತ್ತದೆ. ಹತ್ತು ತೊಟ್ಟಿಗೆ ಎರಡು ತೊಟ್ಟು ಬಫ್ ಹಾಕಿ, ಚೌಕಗಳ ಮಧ್ಯದಲ್ಲಿ ಅಂಕುಡೊಂಕಾಗಿ ಸಿಂಪಡಿಸಿ. 1940ಕ್ಕೆ ಅದೂ ಅತ್ಯಲ್ಪ.

ಡೆಕಾಲ್ ಕೆಳಗಿನ ಬೆಳ್ಳಿ ಹೊಳಪು ಬಣ್ಣವಲ್ಲ, ಗಾಳಿ. ಮ್ಯಾಟ್ ಬಣ್ಣದ ಮೇಲ್ಮೈ ಸಣ್ಣ ಸಣ್ಣ ಗುಂಡಿಗಳಿಂದ ತುಂಬಿರುತ್ತದೆ. ಡೆಕಾಲ್ ಆ ಗುಂಡಿಗಳ ಮೇಲೆ ಕೂತರೆ ಒಳಗೆ ಸಿಕ್ಕಿದ ಗಾಳಿ ಬೆಳಕನ್ನು ಹಿಂದಕ್ಕೆ ಎಸೆಯುತ್ತದೆ. ಮುಂದಿನ ಸಲ ಡೆಕಾಲ್‌ಗೆ ಮೊದಲು ಎರಡು ತೆಳು ಸುತ್ತು ಗ್ಲಾಸ್, 24 ಗಂಟೆ ಬಿಡುವು, ಕೆಳಗೆ ಮೈಕ್ರೋ ಸೆಟ್, ಮೇಲೆ ಮೈಕ್ರೋ ಸಾಲ್ (ಡೆಕಾಲ್ ಮೆದುಗೊಳಿಸಿ ಕೂರಿಸುವ ದ್ರವಗಳು). ಸಾಲ್ ಹಚ್ಚಿದ ಕೂಡಲೇ ಡೆಕಾಲ್ ಸುಕ್ಕುಗಟ್ಟುತ್ತದೆ, ಗಾಬರಿಯಾಗಿ ಬೆರಳಿಟ್ಟರೆ ಹರಿಯುತ್ತದೆ. ಬಿಟ್ಟರೆ ತಾನೇ ಮಲಗಿ ಏಣುಗಳ ಆಕಾರಕ್ಕೆ ಹೊಂದುತ್ತದೆ.

ರೆಕ್ಕೆಯ ಮಂಜಿಗೆ ಕಾರಣ ಮೂರರಲ್ಲಿ ಒಂದು. ತೇವದ ಗಾಳಿಯಲ್ಲಿ ಥಿನ್ನರ್ ಆರುವಾಗ ಮೇಲ್ಮೈ ತಂಪಾಗಿ ನೀರಾವಿ ಕೂತಿರಬಹುದು. ವಾರ್ನಿಷ್ ಸರಿಯಾಗಿ ಕಲಕದೆ ತಳದಲ್ಲಿದ್ದ ಮ್ಯಾಟ್ ಪುಡಿ ಕೊನೆಗೆ ಒಟ್ಟಾಗಿ ಬಂದಿರಬಹುದು. ಅಥವಾ ಆ ರೆಕ್ಕೆಗೆ ಮಾತ್ರ ಎರಡು ಸಲ ಒದ್ದೆಯಾಗುವಷ್ಟು ಹೊಡೆದಿರಬಹುದು. ಉಳಿದ ಭಾಗ ಚೆನ್ನಾಗಿದ್ದು ಒಂದೇ ರೆಕ್ಕೆ ಕೆಟ್ಟಿದೆ ಎಂದರೆ ಎರಡನೆಯದೋ ಮೂರನೆಯದೋ ಇರಬೇಕು.

ಈಗ ದುರಸ್ತಿಯ ಕ್ರಮ. ಮೊದಲು ಡೆಕಾಲ್. ಹೊಳೆಯುವ ಕಡೆಗಳಲ್ಲಿ ಹೊಸ ಬ್ಲೇಡಿನ ಮೊನೆಯಿಂದ ಸಣ್ಣಗೆ ಚುಚ್ಚಿ, ಮೈಕ್ರೋ ಸಾಲ್ ಒಂದು ತೊಟ್ಟು ಬಿಡಿ. ಒಣಗಿದ ಮೇಲೆ ಇನ್ನೊಮ್ಮೆ. ಎರಡು ಮೂರು ಸುತ್ತಿಗೂ ಹೋಗದಿದ್ದರೆ ಡೆಕಾಲ್‌ನ ಬಣ್ಣವಿಲ್ಲದ ಅಂಚಿನ ಮೇಲೆ ಹಸಿರನ್ನೇ ತೆಳುವಾಗಿ ಬಳಿದುಬಿಡಿ. ಮರುದಿನ ಇಡೀ ಮಾದರಿಗೆ ಅಕ್ರಿಲಿಕ್ ಗ್ಲಾಸ್, ಟಾಮಿಯಾ ಎಕ್ಸ್-22 ಆದರೂ ಸರಿ, ಎರಡು ತೆಳು ಸುತ್ತು. ಮಂಜಿನ ಒರಟು ಮೇಲ್ಮೈಯನ್ನು ಗ್ಲಾಸ್ ತುಂಬಿದ ಕೂಡಲೇ ಮಂಜು ಬಹುತೇಕ ಮಾಯವಾಗುತ್ತದೆ. ಚಕ್ರದ ಗೂಡಿನ ಬಾಗಿಲಿನ ಒಳಮೈಯಲ್ಲಿ ಮೊದಲು ಪರೀಕ್ಷಿಸಿ.

ಆಮೇಲೆ ಮುಸುಕು. ಮೂಲ ಹಸಿರನ್ನು ಹಸಿರಿನ ಮೇಲೆ, ಕಂದನ್ನು ಕಂದಿನ ಮೇಲೆ, ಶೇ. 85 ಥಿನ್ನರ್‌ನಲ್ಲಿ, 10–12 ಪಿಎಸ್‌ಐಯಲ್ಲಿ ಸಿಂಪಡಿಸುತ್ತಾ ಹೋಗಿ. ಕಪ್ಪು ಗೆರೆ ಮೂರನೇ ಸುತ್ತಿಗೆ ಕಂದುಬೂದಿಗೆ ಇಳಿಯುತ್ತದೆ, ಬೆಳ್ಳಿ ಚುಕ್ಕಿಗಳೂ ಮಸುಕಾಗುತ್ತವೆ. ಬಾಲ ಮತ್ತು ಹಿಂಭಾಗದ ಬಟ್ಟೆಯ ಮೇಲಿನ ಬೆಳ್ಳಿ ಪೂರ್ತಿ ಮುಚ್ಚುವವರೆಗೆ ಹೊಡೆಯಿರಿ, ಎಡ ರೆಕ್ಕೆಯ ಬುಡ ಮತ್ತು ಗನ್ ಮುಚ್ಚಳಗಳ ಹತ್ತಿರ ಅರ್ಧದಲ್ಲಿ ನಿಲ್ಲಿಸಿ. ವೃತ್ತದ ಗುರುತುಗಳ ಅಂಚಿಗೆ ಸ್ವಲ್ಪ ಬಣ್ಣ ತಾಕಿದರೆ ಚಿಂತೆಯಿಲ್ಲ, ಡೆಕಾಲ್ ಅಂಟಿಸಿದ್ದಲ್ಲ, ಬಳಿದದ್ದು ಎಂಬಂತೆ ಕಾಣಲು ಅದು ಸಹಾಯವೇ. ಕಪ್ಪು ಹೊಗೆಯ ಮೇಲೂ ಇದೇ ಮುಸುಕು ಎಳೆದು, ಮಧ್ಯಕ್ಕೆ ಬೂದು-ಬಫ್ ನಾಲಿಗೆ ಕೊಡಿ.

ಲ್ಯಾಕರ್ ಥಿನ್ನರ್ ಇರುವ ಯಾವುದನ್ನೂ ಈ ಹಂತದಲ್ಲಿ ತರಬೇಡಿ, ಕೆಳಗಿನ ಅಕ್ರಿಲಿಕ್ ಮತ್ತು ಡೆಕಾಲ್ ಎರಡನ್ನೂ ಕರಗಿಸುತ್ತದೆ. ಬೇರೆ ಕೆಲಸಕ್ಕೆ ಲ್ಯಾಕರ್ ಬಳಸುವಾಗ ಧೂಳಿನ ಮಾಸ್ಕ್ ಸಾಲದು, ಆವಿ ತಡೆಯುವ ಇದ್ದಿಲಿನ ಕಾರ್ಟ್ರಿಜ್ ಇರುವ ಮಾಸ್ಕ್ ಬೇಕು.

ಕೊನೆಯ ವಾರ್ನಿಷ್ ಎರಡು ಬಗೆಯದಾಗಿರಲಿ. ಲೋಹದ ಭಾಗಕ್ಕೆ ಮ್ಯಾಟ್‌ನಲ್ಲಿ ನಾಲ್ಕನೇ ಒಂದು ಪಾಲು ಗ್ಲಾಸ್ ಬೆರೆಸಿ, ಬಟ್ಟೆಯ ಭಾಗಕ್ಕೆ ಬರಿ ಮ್ಯಾಟ್. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದಾಗ ಲೋಹ ಎಲ್ಲಿ ಮುಗಿದು ಬಟ್ಟೆ ಎಲ್ಲಿ ಶುರುವಾಯಿತು ಎಂಬುದು ಬಣ್ಣ ಬದಲಾಗದೆಯೂ ಗೊತ್ತಾಗುತ್ತದೆ. ಪ್ರೊಪೆಲ್ಲರ್‌ಗೂ ನೀವು ಬೆಳ್ಳಿ ಹಚ್ಚಿದ್ದರೆ ಕಿಟ್ಟಿನ ಕೈಪಿಡಿ ನೋಡಿ: ಡಿ ಹ್ಯಾವಿಲೆಂಡ್ ಅಲಗು ಲೋಹದ್ದು, ಬೆಳ್ಳಿ ಇರಬಹುದು. ರೋಟಾಲ್‌ನ ಜಾಬ್ಲೋ ಅಲಗು ಒತ್ತಿ ಮಾಡಿದ ಮರದ್ದು, ಅದರ ಮೈಮೇಲಿನ ಬೆಳ್ಳಿ ಚುಕ್ಕಿಗಳನ್ನು ಕಪ್ಪು ಬಳಿದು ಮುಚ್ಚಿ.